ಇಂಗ್ಲಿಷಿನ ಕಿರುಪದಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆಯ ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ಹಿಂದುಳಿದವರೆಂಬ ಮಾತು ಆಗಾಗ ಕೇಳಿಬರುತ್ತದೆ. ವ್ಯಾಕರಣ ಬಲ್ಲ, ಪ್ರಬಂಧ ಬರೆಯಬಲ್ಲ ಹುಡುಗನೂ ಆ ಭಾಷೆಯನ್ನು ಸರಾಗವಾಗಿ ಆಡುವವರ ಮುಂದೆ ಅರ್ಥವಾಗದೆ ತಬ್ಬಿಬ್ಬಾಗುವುದುಂಟು. ಅವನ ಬುದ್ಧಿಯಲ್ಲಿ ಕೊರತೆಯೇನಿಲ್ಲ. ಇಂಗ್ಲಿಷು ಅವನಿಗೆ ಕಣ್ಣಿನ ಮೂಲಕ ಬಂದಿದೆ. ಕಿವಿಯ ಮೂಲಕ ಬಂದಿಲ್ಲ.

ಅಚ್ಚಿನ ಪುಟದಲ್ಲಿ ‘ಟು’, ‘ಆಫ್’, ‘ಅಂಡ್’, ‘ಕ್ಯಾನ್’ ಮೊದಲಾದ ಪದಗಳು ಉಳಿದವುಗಳ ಸಾಲಿನಲ್ಲಿ ಸಮಾನ ಗೌರವದಿಂದ ಕುಳಿತಿರುತ್ತವೆ. ಮಾತಿನಲ್ಲಿ ಅವಕ್ಕೆ ಆ ಸ್ಥಾನವಿಲ್ಲ. ‘ಅಂಡ್’ ಎಂಬುದು ಬರಿಯ ‘ನ್’ ಆಗುತ್ತದೆ. ‘ಆಫ್’ ಎಂಬುದು ‘ಅವ್’ ಎಂದು ಜಾರುತ್ತದೆ. ಡೇನಿಯಲ್ ಜೋನ್ಸ್ ೧೯೧೭ರಲ್ಲಿ ಪ್ರಕಟಿಸಿದ ಉಚ್ಚಾರಣಕೋಶ ಇಂಥ ಪದಗಳ ಪ್ರಬಲ ರೂಪ, ದುರ್ಬಲ ರೂಪಗಳೆರಡನ್ನೂ ಕೊಡುತ್ತದೆ. ಇವುಗಳ ಸಂಖ್ಯೆ ಸುಮಾರು ೪೦. ಆದರೆ ಇವಿಲ್ಲದ ವಾಕ್ಯ ಅಪರೂಪ. ಎಲ್ಲೆಡೆಯೂ ಇವು ಕುಗ್ಗುತ್ತವೆಂದಲ್ಲ. ‘ವೇರ್ ಆರ್ ಯು ಫ್ರಾಮ್?’ ಎಂಬಲ್ಲಿ ಕೊನೆಯ ಪದ ವಾಕ್ಯದ ತುದಿಯಲ್ಲಿರುವುದರಿಂದ ಪೂರ್ಣವಾಗಿ ಕೇಳಿಸುತ್ತದೆ. ‘ಐ ಆಮ್ ಫ್ರಂ ಕೂಡ್ಲಿಗಿ’ ಎಂಬ ಉತ್ತರದಲ್ಲಿ ಅದೇ ಪದ ಸಣ್ಣಗಾಗಿ ಕೂಡ್ಲಿಗಿಗೆ ದಾರಿ ಬಿಡುತ್ತದೆ.

ಇದನ್ನು ಆಂಗ್ಲರ ಸೋಮಾರಿತನವೆನ್ನುವವರುಂಟು. ನಮ್ಮ ಸೀಮೆಯ ಬಾಯಿಯೇನು ಬೇರೆಯೆ? ಹಗರಿಬೊಮ್ಮನಹಳ್ಳಿಯನ್ನು ‘ಎಚ್.ಬಿ. ಹಳ್ಳಿ’ ಮಾಡಿದವರು, ಹೂವಿನಹಡಗಲಿಯ ಹೂವನ್ನು ಮಾತಿನಲ್ಲಿ ಉದುರಿಸಿದವರು ನಾವೇ. ‘ಮಾಡಿಕೊಂಡು’ ಎಂದು ಬರೆದು ‘ಮಾಡ್ಕೊಂಡು’ ಎನ್ನುತ್ತೇವೆ. ಕೊಟ್ಟೂರಿನ ಕುಂ. ವೀರಭದ್ರಪ್ಪನವರ ಕಥೆಗಳನ್ನು ಓದಿದವರಿಗೆ ಈ ಆಡುಮಾತಿನ ಓಟ ಪರಿಚಿತ. ೧೩ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಶಿಥಿಲದ್ವಿತ್ವದ ವಿಚಾರ ಬರುತ್ತದೆ: ಒತ್ತಕ್ಷರವನ್ನು ಸಡಿಲವಾಗಿ ನುಡಿದಾಗ ಅದರ ಹಿಂದಿನ ಅಕ್ಷರ ಗುರುವಾಗದೆ ಲಘುವಾಗಿಯೇ ಉಳಿಯುತ್ತದೆ. ಬರೆಹದ ರೂಪ ಒಂದು, ನುಡಿಯ ತೂಕ ಇನ್ನೊಂದು ಎಂಬುದು ಕನ್ನಡ ವೈಯಾಕರಣರಿಗೆ ಹೊಸತಲ್ಲ.

ಭೇದವಿರುವುದು ಬೇರೆಡೆ. ಒತ್ತಿ ಹೇಳಬೇಕಾದಾಗ ಕನ್ನಡಕ್ಕೆ ‘ಏ’, ‘ಊ’ಗಳಿವೆ: ‘ಅವನೇ ಬಂದ’, ‘ಅವನೂ ಬಂದ’. ಇಂಗ್ಲಿಷಿನಲ್ಲಿ ಅಂಥ ಪ್ರತ್ಯಯವಿಲ್ಲ. ಆ ಕೆಲಸದ ಬಹುಪಾಲನ್ನು ದನಿಯ ಒತ್ತೇ ಮಾಡಬೇಕು. ಒಂದು ಪದ ಎದ್ದು ನಿಲ್ಲಬೇಕಾದರೆ ಪಕ್ಕದವು ತಗ್ಗಬೇಕು. ಎಲ್ಲವನ್ನೂ ಒಂದೇ ತೂಕದಲ್ಲಿ ನುಡಿದರೆ ಮುಖ್ಯವಾದದ್ದು ಯಾವುದೆಂದು ಕೇಳುವವನಿಗೆ ತಿಳಿಯದು. ‘ಐ ಕ್ಯಾನ್ ಕಮ್’ ಎಂಬಲ್ಲಿ ‘ಕ್ಯಾನ್’ ಅನ್ನು ಒತ್ತಿದರೆ, ಬರಲಾರೆನೆಂದು ಯಾರೋ ಶಂಕಿಸಿದ್ದಕ್ಕೆ ಉತ್ತರವಿತ್ತಂತಾಗುತ್ತದೆ. ಅಮೆರಿಕದವರ ಕಿವಿಗೆ ಅದು ‘ಬರಲಾರೆ’ ಎಂದೇ ಕೇಳಿಸಲೂಬಹುದು.

ಹಾಗೆಂದು ಲಂಡನ್ನಿನ ನಾಲಗೆಯನ್ನು ಎರವಲು ತರಬೇಕೆ? ಬೇಡ. ಇಂಗ್ಲಿಷ್ ತಾಯ್ನುಡಿಯಲ್ಲದವರು ತಮ್ಮತಮ್ಮಲ್ಲಿ ಮಾತಾಡುವಾಗ ದುರ್ಬಲ ರೂಪಗಳು ಅವಶ್ಯವಲ್ಲವೆಂದು ಜೆನಿಫರ್ ಜೆಂಕಿನ್ಸ್ ೨೦೦೦ದಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ಒಪ್ಪತಕ್ಕ ಮಾತು. ಹರಪನಹಳ್ಳಿಯವನು ಚೆನ್ನೈಯವನೊಡನೆ ಪೂರ್ಣ ರೂಪಗಳನ್ನೇ ಬಳಸಿದರೆ ನಷ್ಟವೇನಿಲ್ಲ. ಆದರೆ ಹೇಗೆ ಆಡಬೇಕೆಂಬುದು ನಮ್ಮ ಇಚ್ಛೆ. ಏನು ಕೇಳಬೇಕಾದೀತೆಂಬುದು ಎದುರಿನವರ ಇಚ್ಛೆ. ಅವರು ‘ನ್’ ಎಂದದ್ದು ‘ಅಂಡ್’ ಎಂದು ತಿಳಿಯದವನಿಗೆ ವಾಕ್ಯವೇ ಕೈತಪ್ಪುತ್ತದೆ, ಅದರೊಡನೆ ಧೈರ್ಯವೂ. ಆದ್ದರಿಂದ ನನ್ನ ಅಭಿಪ್ರಾಯವಿಷ್ಟೆ: ಬಾಯಿಗೆ ಸ್ವಾತಂತ್ರ್ಯವಿರಲಿ, ಕಿವಿಗೆ ಶಿಕ್ಷಣವಿರಲಿ.

ಈ ಪ್ರದೇಶ ೧೯೫೩ರಲ್ಲಿ ಮದರಾಸನ್ನು ಬಿಟ್ಟು ಮೈಸೂರನ್ನು ಸೇರಿತು; ೨೦೨೧ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಇಂಗ್ಲಿಷ್ ಬೋಧನೆಯ ಸುಧಾರಣೆಗೆಂದು ೧೯೫೮ರಲ್ಲಿ ಹೈದರಾಬಾದಿನಲ್ಲಿ, ೧೯೬೩ರಲ್ಲಿ ಬೆಂಗಳೂರಿನಲ್ಲಿ ಸಂಸ್ಥೆಗಳು ಹುಟ್ಟಿದವು. ಆದರೂ ಪಾಠವನ್ನು ಪದಪದವಾಗಿ ಬಿಡಿಸಿ ಓದಿಸುವ ಕ್ರಮ ತರಗತಿಯಿಂದ ಪೂರ್ತಿ ಹೋಗಿಲ್ಲ. ಅದನ್ನು ತಿದ್ದಲು ದೊಡ್ಡ ಸಲಕರಣೆ ಬೇಡ. ಅಧ್ಯಾಪಕರು ಒಂದು ವಾಕ್ಯವನ್ನು ಸಹಜ ವೇಗದಲ್ಲಿ ನುಡಿದು, ಅದರಲ್ಲಿ ಎಷ್ಟು ಪದಗಳಿದ್ದುವೆಂದು ಎಣಿಸಿ ಬರೆಯಲು ಹೇಳಲಿ. ದಿನಕ್ಕೆ ಐದು ನಿಮಿಷ ಆಕಾಶವಾಣಿಯ ಇಂಗ್ಲಿಷ್ ವಾರ್ತೆಯನ್ನು ಕೇಳಿಸಲಿ. ಮೊದಲ ವಾರ ಲೆಕ್ಕ ತಪ್ಪೀತು. ತಪ್ಪಿಹೋದ ಆ ಪದಗಳ ಪಟ್ಟಿಯೇ ಎರಡನೆಯ ವಾರದ ಪಾಠ.