‘ನಾನು ಯಾರು?’ ಎಂಬ ಪ್ರಶ್ನೆ ಮೊದಲ ವಾರಕ್ಕೆ ಬೇಡ

ಇಂಟರ್ನ್‌ಶಿಪ್ಪಿನ ಆರನೆಯ ವಾರ. ಬೈಲಹೊಂಗಲದ ಒಂದು ಸಂಯುಕ್ತ ಪದವಿಪೂರ್ವ ಕಾಲೇಜಿನ ಪ್ರೌಢಶಾಲಾ ವಿಭಾಗದಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ಕಾಲೇಜು ವಿಭಾಗದ ಕನ್ನಡ ಉಪನ್ಯಾಸಕರು ಮೂರು ವಾರ ರಜೆ ಹಾಕಿದ್ದರಿಂದ ಪ್ರಥಮ ಪಿಯುಸಿಯ ಕೆಲವು ಅವಧಿಗಳು ನನ್ನ ಪಾಲಿಗೆ ಬಂದವು. ಹೋಗುವಾಗ ಅವರು, “ಏನರೆ ಬರಸ್ರಿ ಮೇಡಂ, ಗದ್ದಲ ಆಗದಿದ್ರ ಸಾಕು” ಎಂದಿದ್ದರು. ನಾನು ಬೋರ್ಡಿನ ಮೇಲೆ ‘ನಾನು ಯಾರು?’ ಎಂದು ಬರೆದು, ಎರಡು ಪುಟ, ನಲವತ್ತು ನಿಮಿಷ, ಹತ್ತು ಅಂಕ ಎಂದೆ. ಸುಲಭದ ವಿಷಯ ಕೊಟ್ಟಿದ್ದೇನೆ ಎಂದೇ ನನ್ನ ಎಣಿಕೆ. ತಮ್ಮ ಬಗ್ಗೆ ತಾವು ಬರೆಯಲು ಯಾವ ಗೈಡು ಬೇಕು?

42 ಹಾಳೆ ಬಂದವು. ಅವುಗಳಲ್ಲಿ 29 ಹೆಚ್ಚುಕಡಿಮೆ ಒಂದೇ ಸಾಲಿನಿಂದ ಶುರುವಾಗಿದ್ದವು: ವೀರರಾಣಿ ಕಿತ್ತೂರು ಚನ್ನಮ್ಮನ ನಾಡಿನಲ್ಲಿ ಹುಟ್ಟಿದ್ದು ನನ್ನ ಪುಣ್ಯ. ಆಮೇಲೆ ತಂದೆ ರೈತರು, ತಾಯಿ ಗೃಹಿಣಿ, ಗುರಿ ಪಿಎಸ್‌ಐ ಇಲ್ಲವೇ ಕೆಎಎಸ್. ಒಂದು ಹಾಳೆ ಮಾತ್ರ ಖಾಲಿ ಇತ್ತು. ಮೇಲೆ ಹೆಸರು ಮತ್ತು ರೋಲ್ ನಂಬರ್, ಅಷ್ಟೇ. ಆ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿ, “ಯಾಕ ಬರದಿಲ್ಲ? ನಿನ್ನ ಬಗ್ಗೆ ನಿನಗ ಗೊತ್ತಿಲ್ಲೇನು?” ಎಂದು ಎಲ್ಲರೆದುರಿಗೇ ಕೇಳಿದೆ. ತರಗತಿ ನಕ್ಕಿತು. ಗಂಟೆ ಹೊಡೆಯುವ ತನಕ ಆಕೆ ನಿಂತೇ ಇದ್ದಳು. ಕೂಡು ಎಂದು ನಾನೂ ಹೇಳಲಿಲ್ಲ. ಆ ದಿನದ ದಿನಚರಿಯಲ್ಲಿ ‘ಒಬ್ಬ ವಿದ್ಯಾರ್ಥಿನಿಗೆ ಪ್ರೇರಣೆಯ ಕೊರತೆ ಇದೆ’ ಎಂದು ದಾಖಲಿಸಿದ್ದೇನೆ. ಮಾರ್ಗದರ್ಶಕರ ಸಹಿಯೂ ಬಿದ್ದಿದೆ.

ಈಗ ನಮ್ಮ ಕಾಲೇಜಿನಲ್ಲಿ ಗುಂಪು ಚಟುವಟಿಕೆಯೊಂದು ನಡೆದಿದೆ. ಪದವಿಯ ಮೊದಲ ವರ್ಷದ ಮಕ್ಕಳಿಗೆ ‘ಗುರುತು’ ಎಂಬ ವಿಷಯದ ಮೇಲೆ ಒಂದು ಸೆಮಿಸ್ಟರಿನ ಬರವಣಿಗೆ ಯೋಜನೆ ತಯಾರಿಸಬೇಕು. ನಾಲ್ಕು ಗುಂಪುಗಳ ಕರಡು ನೋಡಿದೆ. ನಾಲ್ಕರಲ್ಲೂ ಮೊದಲ ವಾರದ ಚಟುವಟಿಕೆ ‘ನಾನು ಯಾರು?’. ನಮ್ಮ ಗುಂಪಿನ ಕರಡಿನಲ್ಲಿ ಅದನ್ನು ಬರೆದವಳು ನಾನೇ. ಆ ಪ್ರಶ್ನೆ ಸೆಮಿಸ್ಟರಿನ ಕೊನೆಗೆ ಬರಬೇಕು, ಅದಕ್ಕೆ ಒಂದು ಸಾಲೂ ಉತ್ತರ ಬರೆಯದ ವಿದ್ಯಾರ್ಥಿಗೂ ಪೂರ್ತಿ ಅಂಕ ಸಿಗುವಂತಿರಬೇಕು ಎಂಬುದು ಈಗಿನ ನನ್ನ ಅಭಿಪ್ರಾಯ. ಭಾಷಾ ವಿಭಾಗದ ಗೆಳತಿಯರು ‘ವಿಜ್ಞಾನದವರಿಗೆ ಇದೇನು ಗೊತ್ತು’ ಎನ್ನುವ ಮೊದಲು ಕಾರಣ ಹೇಳುತ್ತೇನೆ.

ನಾನು ರಾಮದುರ್ಗದವಳು. ಅಪ್ಪ ಮಗ್ಗದ ಮೇಲೆ ಬದುಕಿದವರು. 2019ರ ಆಗಸ್ಟಿನಲ್ಲಿ ಮಲಪ್ರಭೆ ಊರೊಳಗೆ ನುಗ್ಗಿದಾಗ ನಾನು ಬಿಎಸ್ಸಿ ಮೊದಲ ವರ್ಷದಲ್ಲಿದ್ದೆ. ಮಗ್ಗ ಕೆಸರಿನಲ್ಲಿ ಹೂತಿತ್ತು, ನೂಲು ಕೊಳೆತು ವಾಸನೆ ಬರುತ್ತಿತ್ತು. ಸಂಬಂಧಿಕರ ಮನೆಯ ಪಡಸಾಲೆಯಲ್ಲಿ ಐದು ಜನ ಮಲಗುತ್ತಿದ್ದೆವು. ಆ ತಿಂಗಳಲ್ಲೇ ಕಾಲೇಜಿನಲ್ಲಿ ‘ನನ್ನ ಕುಟುಂಬ, ನನ್ನ ಪರಿಚಯ’ ಎಂದು ಬರೆಯಲು ಹೇಳಿದರು. ನಾನು ಬರೆದೆ: ನಮ್ಮದು ಚಿಕ್ಕ ಹಾಗೂ ಸುಖೀ ಕುಟುಂಬ. ಹತ್ತಕ್ಕೆ ಎಂಟು ಬಂತು. ಮುಂದೆ ಬಿಎಡ್ಡಿಗೆ ಬಂದಾಗ ಎನ್‌ಸಿಟಿಇಯ 2014ರ ಪಠ್ಯಕ್ರಮ ಚೌಕಟ್ಟಿನಲ್ಲಿರುವ ‘ತನ್ನನ್ನು ತಾನು ಅರಿಯುವುದು’ ಎಂಬ ಪ್ರಾಯೋಗಿಕ ವಿಷಯದ ರೆಕಾರ್ಡ್ ಬರೆದೆ. ನಮ್ಮಲ್ಲಿ ಅನೇಕರು ಅದನ್ನು ಹಿರಿಯರ ರೆಕಾರ್ಡ್ ನೋಡಿ ಇಳಿಸಿದ್ದೇವೆ. ಯಾರದೋ ‘ತಾನು’ ನಮ್ಮ ‘ತಾನು’ ಆಗಿ ಬೈಂಡ್ ಆಗಿದೆ. ಸಂಪಾದಕರು ಈ ವಾಕ್ಯ ತೆಗೆಯದಿದ್ದರೆ ಅವರಿಗೆ ನಮಸ್ಕಾರ.

ಹಾಗಾದರೆ ನಾವೆಲ್ಲ ಸುಳ್ಳುಗಾರರೇ? ನನಗೆ ಹಾಗೆ ಅನ್ನಿಸುವುದಿಲ್ಲ. ಅಪರಿಚಿತರು ದಿಢೀರನೆ ಮನೆಯೊಳಗೆ ಬಂದರೆ ಹೊರಗಿನ ಪಡಸಾಲೆಯಲ್ಲೇ ಕೂರಿಸಿ ಚಹಾ ಕೊಟ್ಟು ಕಳಿಸುತ್ತೇವಲ್ಲ, ಅದೇ ಕೆಲಸವನ್ನು ಆ ಹಾಳೆಗಳು ಮಾಡುತ್ತವೆ. ಚನ್ನಮ್ಮನ ಸಾಲು ಎಂದರೆ ಪಡಸಾಲೆ. ಅಲ್ಲಿ ಕೂತವರಿಗೆ ಒಳಮನೆ ಕಾಣುವುದಿಲ್ಲ. ಅರವಿಂದ ಮಾಲಗತ್ತಿಯವರು ‘ಗೌರ್ಮೆಂಟ್ ಬ್ರಾಹ್ಮಣ’ವನ್ನೂ ಸಿದ್ಧಲಿಂಗಯ್ಯನವರು ‘ಊರುಕೇರಿ’ಯನ್ನೂ ಬರೆದದ್ದು ನಲವತ್ತರ ಆಸುಪಾಸಿನಲ್ಲಿ, ಬರೆಯಬೇಕೆಂದು ತಾವೇ ತೀರ್ಮಾನಿಸಿದ ಮೇಲೆ. ನಾವು ಹದಿನೆಂಟರ ಹುಡುಗಿಗೆ ಅದನ್ನೇ ಸೋಮವಾರ ಕೊಟ್ಟು ಬುಧವಾರ ಕೇಳುತ್ತೇವೆ. ಕೆಂಪು ಪೆನ್ನು ಬೇರೆ ಕೈಯಲ್ಲಿರುತ್ತದೆ.

ಮೊದಲ ವಾರ ಏನು ಮಾಡಬೇಕು? ನಾನಾದರೆ ಅರ್ಜಿ ನಮೂನೆಗಳಿಂದ ಶುರು ಮಾಡುತ್ತೇನೆ. ಕಾಲೇಜು ಸೇರಿದ ಮೊದಲ ತಿಂಗಳಲ್ಲೇ ಮಕ್ಕಳು ಪ್ರವೇಶ ಅರ್ಜಿ, ಬಸ್‌ಪಾಸ್, ಎಸ್‌ಎಸ್‌ಪಿ ವಿದ್ಯಾರ್ಥಿವೇತನ, ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಎಂದು ತಿರುಗಾಡಿರುತ್ತಾರೆ. ‘ನೀನು ಯಾರು’ ಎಂದು ಸರ್ಕಾರ ಆಗಲೇ ಐದಾರು ಸಲ ಕೇಳಿಯಾಗಿದೆ. ಖಾಲಿ ನಮೂನೆಯೊಂದನ್ನು ತರಗತಿಗೆ ತಂದು ಹಂಚಿ, ತುಂಬಬೇಡಿ, ಬರೀ ಓದಿ ಎನ್ನಬೇಕು. ಇದರಲ್ಲಿ ಯಾವ ಪ್ರಶ್ನೆ ಯಾಕಿದೆ? ಯಾವ ಪ್ರಶ್ನೆ ಇಲ್ಲ? ಯಾವ ಕಾಲಂ ಇಕ್ಕಟ್ಟಾಗಿದೆ? ಕಿತ್ತೂರು ಮೊದಲು ಬೈಲಹೊಂಗಲ ತಾಲೂಕಿನಲ್ಲಿತ್ತು, ಈಗ ಅದೇ ಒಂದು ತಾಲೂಕು. ಸವದತ್ತಿಯಿಂದ ಯರಗಟ್ಟಿ ಬೇರೆಯಾಗಿದೆ. ಮನೆ ಇದ್ದಲ್ಲೇ ಇದೆ, ವಿಳಾಸ ಬದಲಾಗಿದೆ. ಒಂದು ದಾಖಲೆಯಲ್ಲಿ ಹಳೆಯ ತಾಲೂಕು, ಇನ್ನೊಂದರಲ್ಲಿ ಹೊಸದು ಎಂದು ಕಿಟಕಿಯಿಂದ ಕಿಟಕಿಗೆ ಅಲೆದ ಅನುಭವ ಇರುವವರು ಇದರ ಮೇಲೆ ಬೇಕಾದಷ್ಟು ಬರೆಯಬಲ್ಲರು. ಅದು ಗುರುತಿನ ಬಗ್ಗೆಯೇ ಬರೆದದ್ದು. ಆದರೆ ಅಲ್ಲಿ ನಿಂತು ಉತ್ತರ ಕೊಡಬೇಕಾದದ್ದು ನಮೂನೆ, ವಿದ್ಯಾರ್ಥಿ ಅಲ್ಲ.

ನಮ್ಮ ಭಾಗದಲ್ಲಿ ‘ತಂದೆಯ ಹೆಸರು’ ಎಂಬ ಒಂದೇ ಕಾಲಮ್ಮಿನ ಮುಂದೆ ಪೆನ್ನು ನಿಲ್ಲುವ ಮಕ್ಕಳಿದ್ದಾರೆ. ಎಲ್ಲಮ್ಮನಗುಡ್ಡದ ಸೀಮೆಯಲ್ಲಿ ಕೂತು ಇದನ್ನು ಮರೆತು ಪಾಠಯೋಜನೆ ಬರೆಯುವುದು ಸರಿಯಲ್ಲ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದ ಕರ್ನಾಟಕದ ಕಾಯ್ದೆ 1982ರದ್ದು. ಮುತ್ತು ಕಟ್ಟಿಸಿಕೊಂಡ ತಾಯಂದಿರ ಮಕ್ಕಳು, ಮೊಮ್ಮಕ್ಕಳು ಇಂದು ಕಾಲೇಜಿಗೆ ಬರುತ್ತಿದ್ದಾರೆ. ಅಪ್ಪ ಬಿಟ್ಟುಹೋದ ಮನೆಯವರಿದ್ದಾರೆ, ಸಾಲಕ್ಕೆ ಅಪ್ಪನನ್ನು ಕಳೆದುಕೊಂಡವರಿದ್ದಾರೆ. ಖಾಲಿ ಹಾಳೆ ಕೊಟ್ಟ ಹುಡುಗಿ ಇವರಲ್ಲಿ ಒಬ್ಬಳೆಂದು ನಾನು ಹೇಳುತ್ತಿಲ್ಲ. ಕಾರಣವನ್ನು ನಾನು ಆಮೇಲೆ ಕೇಳಲಿಲ್ಲ, ಕೇಳುವುದು ನನ್ನ ಕೆಲಸವೂ ಆಗಿರಲಿಲ್ಲ. ಅಂಥ ಯಾವ ಕಾರಣವಿದ್ದರೂ ಕಟ್ಟಿಹಾಕದಂಥ ಪ್ರಶ್ನೆ ಕೊಡುವುದು ಮಾತ್ರ ನನ್ನ ಕೆಲಸವಾಗಿತ್ತು.

ವಿಜ್ಞಾನದವಳಾಗಿ ಒಂದು ಮಾತು. ಪ್ರಯೋಗಾಲಯದಲ್ಲಿ ನಾವು ಮಕ್ಕಳಿಗೆ ಮೊದಲು ವೀಕ್ಷಣೆ ಬರೆಸುತ್ತೇವೆ, ತೀರ್ಮಾನ ಆಮೇಲೆ. ನೇರ ತೀರ್ಮಾನ ಬರೆದವನ ರೆಕಾರ್ಡ್ ನೋಡಿದರೆ ಸಾಕು, ನಕಲು ಹೊಡೆದಿದ್ದಾನೆಂದು ಗೊತ್ತಾಗುತ್ತದೆ. ‘ನಾನು ಯಾರು’ ಎಂಬುದು ತೀರ್ಮಾನದ ಪ್ರಶ್ನೆ. ಮೂರನೆಯ ವಾರ, ನನ್ನ ಕೊನೆಯ ಅವಧಿಯಲ್ಲಿ, ನಾನು ವೀಕ್ಷಣೆ ಕೊಟ್ಟೆ. ‘ನಿಮ್ಮ ಮನೆಯಲ್ಲಿ, ಹಾಸ್ಟೆಲ್ ಆದರೆ ಹಾಸ್ಟೆಲಿನಲ್ಲಿ, ಎಲ್ಲರಿಗಿಂತ ಮೊದಲು ಏಳುವವರು ಯಾರು? ಎದ್ದ ಮೊದಲ ಅರ್ಧ ಗಂಟೆ ಅವರು ಮಾಡಿದ್ದನ್ನು ಮಾತ್ರ ಬರೆಯಿರಿ. ನಾನು, ನನ್ನ ಎಂಬ ಪದ ಬಳಸಬೇಡಿ. ಒಳ್ಳೆಯವರು, ಕಷ್ಟಪಡುತ್ತಾರೆ ಎಂದೂ ಬರೆಯಬೇಡಿ.’ “ಹಿಂಗಂದ್ರ ಏನ್ ಉಳೀತೈತ್ರಿ ಮೇಡಂ?” ಎಂದು ಹಿಂದಿನ ಬೆಂಚಿನವನೊಬ್ಬ ಕೇಳಿದ. ಅವನೇ ಎರಡು ಪುಟ ಬರೆದ. ಹೊಲಕ್ಕೆ ಹೋಗುವ ಮುನ್ನ ತಾಯಿ ಐದು ರೊಟ್ಟಿ ಎಣಿಸಿ ಗಂಟು ಕಟ್ಟಿದ್ದು, ಮತ್ತೆ ಬಿಚ್ಚಿ ಒಂದನ್ನು ತೆಗೆದು ಬುಟ್ಟಿಗೆ ಹಾಕಿದ್ದು ಅದರಲ್ಲಿತ್ತು. ಯಾಕೆಂದು ಅವನು ಬರೆದಿರಲಿಲ್ಲ. ಹದಿನೈದು ದಿನ ಮೊದಲು ಇದೇ ಹುಡುಗ ‘ತಾಯಿ ಗೃಹಿಣಿ’ ಎಂದು ಬರೆದಿದ್ದ.

ಇನ್ನೊಬ್ಬನ ಹಾಳೆಯಲ್ಲಿ ‘ಆಯಿ ನಸುಕಿನ್ಯಾಗ ಎದ್ದು ಒಲಿ ಮುಂದ ಕುಂತಳು’ ಎಂದಿತ್ತು. ನಾನು ಕೈ ತಡೆಯದೆ ‘ಅಜ್ಜಿ ಬೆಳಗಿನ ಜಾವ ಎದ್ದು ಒಲೆಯ ಮುಂದೆ ಕುಳಿತರು’ ಎಂದು ತಿದ್ದಿಬಿಟ್ಟೆ. ವ್ಯಾಕರಣ ಸರಿಹೋಯಿತು, ಆಯಿ ಹೋದಳು. ಬಹುವಚನ ಹಚ್ಚಿದ ಕೂಡಲೇ ಆಕೆ ಒಲೆಯ ಮುಂದಿನಿಂದ ಎದ್ದು ವೇದಿಕೆ ಹತ್ತಿದಂತಾಯಿತು. ಹಾಗೆಂದು ಗ್ರಾಂಥಿಕ ಕನ್ನಡವೇ ಬೇಡ ಎನ್ನುವವಳಲ್ಲ ನಾನು. ಇದೇ ಲೇಖನವನ್ನು ಅದರಲ್ಲೇ ಬರೆಯುತ್ತಿದ್ದೇನೆ, ನೌಕರಿಯ ಪರೀಕ್ಷೆಯೂ ಅದರಲ್ಲೇ ನಡೆಯುತ್ತದೆ. ಮೊದಲ ಕರಡು ಮನೆಯ ಮಾತಿನಲ್ಲಿರಲಿ. ಅದು ಉರ್ದು, ಮರಾಠಿ, ಲಂಬಾಣಿ ಆಗಿದ್ದರೂ ಕನ್ನಡ ಅಕ್ಷರದಲ್ಲಿ ಬರಲಿ. ಎರಡನೆಯದನ್ನು ದೂರದ ಓದುಗನಿಗಾಗಿ ತಾವೇ ತಿದ್ದಿ ಬರೆಯಲಿ. ಏನು ಉಳಿಯಿತು, ಏನು ಬಿಟ್ಟುಹೋಯಿತು ಎಂದು ಕೊನೆಗೆ ನಾಲ್ಕು ಸಾಲು ಸೇರಿಸಲಿ. ಒಂದು ತಿಂಗಳಿಗೆ ಇಷ್ಟು ಕೆಲಸ ಸಾಕು.

ನಡುವಿನ ವಾರಗಳಿಗೆ ಲಗ್ನಪತ್ರಿಕೆ ಒಳ್ಳೆಯ ಪಠ್ಯ. ಯಾರ ಹೆಸರು ಮೇಲಿದೆ, ‘ಲಿಂ.’ ಎಂದು ತೀರಿಹೋದವರನ್ನೂ ಯಾಕೆ ಕರೆತರುತ್ತಾರೆ, ‘ಸುಖಾಗಮನ ಬಯಸುವವರು’ ಪಟ್ಟಿಯಲ್ಲಿ ಹೆಣ್ಣುಮಕ್ಕಳು ಎಲ್ಲಿದ್ದಾರೆ ಎಂದು ನೋಡಿಸಬಹುದು. ಪೇಟೆಯ ಅಂಗಡಿ ಬೋರ್ಡುಗಳಿಂದ ಅಡ್ಡಹೆಸರು ಸಂಗ್ರಹಿಸುವುದೂ ಆಗಬಹುದು. ಊರಿನಿಂದ ಬಂದ ಬೆಳವಡಿ, ಹೂಲಿ. ಕಸುಬಿನಿಂದ ಬಂದ ಬಡಿಗೇರ, ಪತ್ತಾರ. ಅಡಿಗೆಮನೆಯಿಂದ ಬಂದ ಉಳ್ಳಾಗಡ್ಡಿ, ಮೆಣಸಿನಕಾಯಿ. ಆದರೆ ತರಗತಿಯೊಳಗಿನವರ ಅಡ್ಡಹೆಸರಿಗೆ ಕೈ ಹಾಕಬಾರದು. ಅಡ್ಡಹೆಸರು ಹಿಡಿದು ಜಾತಿಗೆ ಹೋಗಲು ನಮ್ಮವರಿಗೆ ಅರೆ ನಿಮಿಷ ಸಾಕು.

ಚನ್ನಮ್ಮನನ್ನು ಬಿಡಬೇಕೆಂದು ಯಾರೂ ತಿಳಿಯಬಾರದು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಬಿದ್ದದ್ದು, ವರ್ಷದ ಕೊನೆಗೆ ಕಿತ್ತೂರು ಕೈತಪ್ಪಿದ್ದು, ರಾಣಿ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡದ್ದು, 1831ರಲ್ಲಿ ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು ಇವೆಲ್ಲ ಮಕ್ಕಳಿಗೆ ಬಾಯಿಪಾಠ. ಆಕೆಯ ಸಮಾಧಿ ಇರುವುದು ಈ ಮಕ್ಕಳು ಬಸ್ಸಿಳಿಯುವ ಊರಿನಲ್ಲೇ. ಅಲ್ಲಿ ಒಂದು ಗಂಟೆ ಕೂತು, ಬಂದವರು ಏನು ಮಾಡುತ್ತಾರೆ, ಏನು ಮಾತಾಡುತ್ತಾರೆ ಎಂದು ನೋಡಿ ಬರೆಯಲು ಹೇಳಬೇಕು. ಇನ್ನೊಂದು ಸಂಗತಿಯೂ ಇದೆ. ‘ಕಿತ್ತೂರು ನಾಡು’ ಎಂಬ ಮಾತು ನಾಲ್ಕು ತಾಲೂಕಿಗೂ ಒಂದೇ ಥರ ಹೊಂದುವುದಿಲ್ಲ. ರಾಮದುರ್ಗ 1948ರವರೆಗೆ ಬೇರೆಯೇ ಸಂಸ್ಥಾನ. ನಮ್ಮ ಅಜ್ಜಿಯ ಮಾತಿನಲ್ಲಿ ಬರುತ್ತಿದ್ದದ್ದು ‘ಸಂಸ್ಥಾನದ ಕಾಲ’, ಕಿತ್ತೂರಲ್ಲ. ಸವದತ್ತಿ ಕಡೆ ನವಿಲುತೀರ್ಥದ ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಊರು ಬಿಟ್ಟು ಬಂದ ಮನೆತನಗಳಿವೆ. ಅವರ ನಾಡು ನೀರಿನಡಿ ಇದೆ. ಸಿದ್ಧ ಸಾಲಿನ ಪಕ್ಕದಲ್ಲಿ ಇಂಥದ್ದನ್ನು ಬರೆಸಿದರೆ ಆ ಸಾಲಿಗೂ ಜೀವ ಬರುತ್ತದೆ.

ಈ ಯೋಜನೆ ತೋರಿಸಿದಾಗ ನಮ್ಮ ಉಪನ್ಯಾಸಕರೊಬ್ಬರು ಎತ್ತಿದ ಆಕ್ಷೇಪ ತೂಕದ್ದು: “ಹೇಳಿಕೊಳ್ಳಬೇಕು ಅಂತ ಕಾಯ್ತಿರೋ ಹುಡುಗರೂ ಇರ್ತಾರಲ್ಲಮ್ಮ, ಅವರ ಬಾಯಿ ಮುಚ್ಚಿಸ್ತೀಯಾ?” ನಿಜ. ಅದಕ್ಕೇ ಕೊನೆಯ ಎರಡು ವಾರ ‘ನಾನು’ ಬರುತ್ತದೆ, ಬೇಕೆಂದವರಿಗೆ. ಬೇಡವೆಂದವರು ಹಿಂದಿನ ಯಾವುದಾದರೂ ಬರಹವನ್ನು ಇನ್ನೊಮ್ಮೆ ತಿದ್ದಿ ಕೊಡಬಹುದು. ಎರಡಕ್ಕೂ ಒಂದೇ ಅಂಕ. ಅಂಕ ಕೊಡುವುದು ಮೊದಲ ಕರಡಿನಿಂದ ಕೊನೆಯದರವರೆಗೆ ಬರವಣಿಗೆ ಎಷ್ಟು ದೂರ ಬಂತು ಎಂಬುದಕ್ಕೆ. ಯಾರ ಕಣ್ಣೀರು ಹೆಚ್ಚು ಎಂದು ಅಳೆಯತೊಡಗಿದರೆ ಮುಂದಿನ ವರ್ಷ ಕಣ್ಣೀರಿನ ಗೈಡೂ ಬರುತ್ತದೆ. ಓದಿ ಹೇಳುವಂತೆ ಯಾರನ್ನೂ ಎಬ್ಬಿಸಬಾರದು. ಮೊದಲ ದಿನವೇ ಇನ್ನೊಂದು ಮಾತು ತಿಳಿಸಿರಬೇಕು: ಯಾರಿಗಾದರೂ ಅಪಾಯವಿದೆ ಎಂದು ಹಾಳೆಯಲ್ಲಿ ಕಂಡರೆ, ಬಾಲ್ಯವಿವಾಹ, ಹಿಂಸೆ ಇಂಥವು, ಶಿಕ್ಷಕಿ ಗುಟ್ಟು ಇಟ್ಟುಕೊಳ್ಳುವುದಿಲ್ಲ, ನೆರವು ಕರೆಯುತ್ತಾಳೆ. ಹದಿನೆಂಟು ತುಂಬದವರಿಗೆ 1098 ಇದೆ. ಈ ವ್ಯವಸ್ಥೆ ಮಾಡಿಕೊಳ್ಳದೆ ಮಕ್ಕಳ ಒಳಮನೆಯ ಬಾಗಿಲು ತಟ್ಟುವ ಹಕ್ಕು ಯಾವ ಪಾಠಯೋಜನೆಗೂ ಇಲ್ಲ.

ನನ್ನ ಅಡ್ಡಹೆಸರನ್ನು ಈ ಲೇಖನದೊಳಗೆ ಎಲ್ಲೂ ಬರೆದಿಲ್ಲ ಎಂಬುದನ್ನು ಓದುಗರು ಗಮನಿಸಿರಬಹುದು. ಮಗ್ಗದ ಸುದ್ದಿಯನ್ನು ಆರು ವರ್ಷಗಳ ನಂತರ, ನನಗೆ ಬೇಕೆನಿಸಿದಾಗ ಬರೆದೆ.

ಆ ಹುಡುಗಿಯ ಖಾಲಿ ಹಾಳೆಯನ್ನು ‘ನಿದರ್ಶನ’ ಎಂದು ರೆಕಾರ್ಡಿಗೆ ಅಂಟಿಸುವವಳಿದ್ದೆ. ಅಂಟಿಸಲಿಲ್ಲ. ಕೊನೆಯ ಅವಧಿಯಲ್ಲಿ ಆಕೆ ಹಾಸ್ಟೆಲಿನ ಅಡಿಗೆಯಾಕೆಯ ಬೆಳಗನ್ನು ಒಂದೂವರೆ ಪುಟ ಬರೆದಳು. ಓದಿ ಎರಡು ಕಡೆ ಪೆನ್ಸಿಲಿನಿಂದ ಗುರುತು ಮಾಡಿ ವಾಪಸು ಕೊಟ್ಟೆ. “ಇದನ್ನ ಇಟಗೋಬೇಕೇನ್ರಿ?” ಎಂದು ಕೇಳಿದಳು. ಇಟ್ಟುಕೋ ಎಂದೆ.