ಬೆಂಗಳೂರಿಗೆ ಹೋದ ನಮ್ಮವರು

ಕಳೆದ ಬೇಸಿಗೆಯಲ್ಲಿ ಬೆಂಗಳೂರಿಗೆ ಹೋಗಿದ್ದಾಗ, ನಮ್ಮ ಪೂರ್ವ ವಿದ್ಯಾರ್ಥಿನಿಯೊಬ್ಬಳ ವಸತಿಯನ್ನು ಕಂಡು ಬಂದೆವು. ಮಳೆಯಿಲ್ಲದ ವರ್ಷಗಳಲ್ಲಿ ಕೊಳ್ಳೇಗಾಲ, ಹನೂರು ಸೀಮೆಯಿಂದ ಕಟ್ಟಡದ ಕೆಲಸವನ್ನರಸಿ ಹೊರಟ ಕುಟುಂಬಗಳಲ್ಲಿ ಆಕೆಯದೂ ಒಂದು. ಹತ್ತು ಅಡಿ ಚೌಕದ ತಗಡಿನ ಶೆಡ್ಡು. ಐದು ಜನರ ಅಡಿಗೆ, ಊಟ, ನಿದ್ರೆಗಳೆಲ್ಲವೂ ಅದರೊಳಗೇ. ನಡುಹಗಲಲ್ಲಿ ಆ ತಗಡಿನ ಕೆಳಗೆ ಅರ್ಧ ಗಂಟೆ ಕುಳಿತಿರುವುದು ನಮ್ಮಿಂದಾಗಲಿಲ್ಲ. ನಾವು ಕುಡಿದ ನೀರು ಬಿಂದಿಗೆಗಿಷ್ಟೆಂದು ಹಣ ತೆತ್ತು ತಂದುದೆಂಬುದು ಆಮೇಲೆ ತಿಳಿದು ನಾಚಿದೆವು.

ಕಾವೇರಿಯಾದರೋ 1974ರಿಂದಲೂ ಆ ನಗರಕ್ಕೆ ಹೋಗುತ್ತಿರುವಳು. ನಮ್ಮ ನೆರೆಯ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಯಂತ್ರಗಳು ಆಕೆಯನ್ನು ಸುಮಾರು 100 ಕಿಲೋಮೀಟರ್ ದೂರಕ್ಕೂ 500 ಮೀಟರ್ ಎತ್ತರಕ್ಕೂ ಏರಿಸುತ್ತವೆ. ಅಷ್ಟು ದೂರ ಬಂದ ನದಿಗೆ, ತನ್ನ ದಡದಿಂದಲೇ ಹೋದವರ ಬಾಗಿಲವರೆಗೆ ಉಳಿದ ನೂರು ಗಜ ದಾಟಲಾಗದೇಕೆ? ನೆಲದ ಕಾಗದವಿಲ್ಲದವರಿಗೆ ನಲ್ಲಿ ದೊರೆಯುವುದು ಕಷ್ಟ. ಕೊಳಚೆ ಪ್ರದೇಶಗಳ ಅಭಿವೃದ್ಧಿಗೆ 1973ರ ಕಾಯಿದೆಯೇನೋ ಉಂಟು. ಆದರೆ ಅದು ಘೋಷಿತ ಪ್ರದೇಶಗಳಿಗೆ ಮಾತ್ರ. ಇಂದು ಇಲ್ಲಿ, ಬರುವ ವರ್ಷ ಇನ್ನೊಂದು ಕಟ್ಟಡದ ಬಳಿ ಇರುವ ಶೆಡ್ಡನ್ನು ಘೋಷಿಸುವವರಾರು? 2001ರಲ್ಲಿ ಸುಮಾರು 57 ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ 2011ಕ್ಕೆ 85 ಲಕ್ಷವಾಯಿತು. ಅವರಿಗಾಗಿ ಮನೆ ಕಟ್ಟಿದವರಿಗೇ ಮನೆಯಿಲ್ಲ.

ಬೆಂಗಳೂರಿನಲ್ಲಿ ಸುಖವಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು, "ಆ ಜನ ಕೊಳಕು, ಅಮ್ಮಾ" ಎನ್ನುವುದನ್ನು ಕೇಳಿದ್ದೇವೆ. ಶುಚಿತ್ವದ ಪಾಠವನ್ನು ಅವರಿಗೆ ಹೇಳಿಕೊಟ್ಟವರು ನಾವೇ. ಅದಕ್ಕೆ ನೀರು ಬೇಕೆಂಬುದನ್ನು ಹೇಳಲು ಮರೆತೆವೋ ಏನೋ! 1898ರ ಪ್ಲೇಗಿನ ಕಾಲದಲ್ಲಿ ಬಸವನಗುಡಿ, ಮಲ್ಲೇಶ್ವರಗಳನ್ನು ಅಗಲವಾದ ಬೀದಿಗಳಿಂದ ರಚಿಸಿದವರು ಇಕ್ಕಟ್ಟಿನ ಕೇಡನ್ನು ಬಲ್ಲವರಾಗಿದ್ದರು. ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವಾಕೆಗೆ ನಿಮ್ಮ ಶೌಚಗೃಹವನ್ನು ಉಪಯೋಗಿಸಲು ಅನುಮತಿಯುಂಟೇ? ಎರಡು ಕೊಡ ನೀರು ಒಯ್ಯಲು?

ನಮ್ಮನ್ನು ಹೆಚ್ಚಾಗಿ ನೋಯಿಸಿದುದು ಮತ್ತೊಂದು. ಆಕೆಯ ಹಿರಿಯ ಮಗಳು, ಹನ್ನೊಂದರ ಹುಡುಗಿ, ನೀರಿನ ಸರದಿಗೆ ನಿಂತು ಶಾಲೆ ಬಿಟ್ಟಿದ್ದಳು. "ಟಿ.ಸಿ. ಇಲ್ಲದೆ ಸೇರಿಸಿಕೊಳ್ಳುವುದಿಲ್ಲವಂತೆ, ಅಮ್ಮಾ" ಎಂದಳು ತಾಯಿ. ತಂದೆತಾಯಿಗಳು ತಿಳಿದಿರಬೇಕು: 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ, ವರ್ಗಾವಣೆ ಪತ್ರ ತಡವಾಯಿತೆಂದು ಎಂಟನೆಯ ತರಗತಿಯವರೆಗೆ ಯಾವ ಸರಕಾರಿ ಶಾಲೆಯೂ ಮಗುವನ್ನು ಹಿಂದಿರುಗಿಸುವಂತಿಲ್ಲ. ಒಂಬತ್ತು, ಹತ್ತನೆಯ ತರಗತಿಗಳಿಗೆ ಈ ರಕ್ಷಣೆಯಿಲ್ಲ. ಆದುದರಿಂದ ದೊಡ್ಡ ಹುಡುಗಿಯರನ್ನು ಕರೆದೊಯ್ಯುವವರು ಊರು ಬಿಡುವ ಮುನ್ನ ನಮ್ಮ ಆಫೀಸಿಗೆ ಬನ್ನಿರಿ. ಪತ್ರವನ್ನು ಅಂದೇ ಬರೆದುಕೊಡುತ್ತೇವೆ.