ಕುರಿಗೆ ಔಷಧ ಕುಡಿಸಿದರೆ ಸಾಲದು, ನಾಯಿಗೂ ಗುಳಿಗೆ ಬೇಕು

ಕುರಿಗೆ ಜಂತಿನ ಔಷಧ ಯಾವಾಗ ಕುಡಿಸಬೇಕು ಅಂತ ಕೇಳೋ ಯುವಕರು ಬಹಳ. ದಡ್ಡಿ ಕಾಯೋ ನಾಯಿಗೆ ಯಾವ ಗುಳಿಗೆ ಕೊಡಬೇಕು ಅಂತ ಕೇಳೋರು ಅಪರೂಪ. ನನ್ನ ಪ್ರಕಾರ ಕುರಿ ಸಾಕೋರು ಮೊದಲು ಕೇಳಬೇಕಾದ್ದು ಈ ಎರಡನೇ ಪ್ರಶ್ನೆ.

ಕುರಿ ಕೊಯ್ದಾಗ ಶ್ವಾಸಕೋಶದಾಗ, ಕಲೀಜದಾಗ ನೀರು ತುಂಬಿದ ಬಿಳಿ ಗುಳ್ಳೆ ಕೆಲವರು ನೋಡಿರಬಹುದು. ಆ ಭಾಗ ಕತ್ತರಿಸಿ ಒಗೀತಾರ. ಕಾಯ್ತಾ ಕೂತ ನಾಯಿ ಅದನ್ನ ನುಂಗ್ತದ. ಎಡವಟ್ಟು ಅಲ್ಲಿಂದಲೇ ಶುರು.

ಆ ಗುಳ್ಳೆ ಎಕಿನೊಕಾಕಸ್ ಅನ್ನೋ ಲಾಡಿಹುಳದ ಮರಿಗಳಿರೋ ಚೀಲ. ರೋಗದ ಹೆಸರು ಹೈಡಾಟಿಡ್. ನಾಯಿ ಕರುಳಿನಾಗ ಆರೇಳು ವಾರದಾಗ ಹುಳ ಬೆಳೆದು ತತ್ತಿ ಬಿಡ್ತದ. ಹುಳದ ಉದ್ದ ಬರೇ 2ರಿಂದ 7 ಮಿ.ಮೀ. ಸಾವಿರಗಟ್ಟಲೆ ಇದ್ದರೂ ನಾಯಿ ಗಟ್ಟಿಮುಟ್ಟಾಗೇ ಕಾಣ್ತದ. ನಾಯಿ ಹೇಲಿನ ಜೋಡಿ ತತ್ತಿ ಹುಲ್ಲಿಗೆ, ನೀರಿಗೆ ಸೇರ್ತಾವ. ಅಲ್ಲಿ ಮೇಯ್ದ ಕುರಿ, ಆಡು, ಆಕಳು, ಎಮ್ಮೆಗೆ ಮತ್ತೆ ಗುಳ್ಳೆ. ಸತ್ತ ಕುರಿ ತಿನ್ನೋ ತೋಳ, ನರಿಯೂ ಈ ಹುಳ ಹೊರಬಹುದು.

ಕೆಮ್ಮೋ ಕುರಿಗೆಲ್ಲ ಇದೇ ರೋಗ ಅಂತಲ್ಲ. ಶ್ವಾಸಕೋಶದ ದಾರಹುಳ ಬೇರೆ. ಅದಕ್ಕೆ ಕುರಿಗೆ ಕುಡಿಸೋ ಔಷಧ ನಾಟ್ತದ. ಆದರೆ ವಾಡಿಕೆಯಂತೆ ಒಂದೆರಡು ಸಲ ಕುಡಿಸೋ ಆ ಔಷಧದಿಂದ ನೀರಗುಳ್ಳೆ ಹೋಗೋದಿಲ್ಲ.

ಇದು ಮನುಷ್ಯರಿಗೂ ಬರ್ತದ. ಮಟನ್ ತಿಂದರೆ ಬರೋದಲ್ಲ. ನಾಯಿ ಮೈ ಸವರಿದ ಕೈ ತೊಳೆಯದೇ ರೊಟ್ಟಿ ಮುರಿದಾಗ, ಮೆಂತ್ಯ ತಪ್ಪಲ ಸರಿಯಾಗಿ ತೊಳೆಯದೇ ಹಸೀದು ತಿಂದಾಗ ತತ್ತಿ ಹೊಟ್ಟೆ ಸೇರ್ತದ. ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೇ ಬೆಳೀತದ. ಗೊತ್ತಾಗೋ ಹೊತ್ತಿಗೆ ಎಷ್ಟೋ ಮಂದಿಗೆ ಆಪರೇಷನ್ನೇ ದಾರಿ. ನಾಯಿ ಜೋಡಿ ಆಡೋ ಮಕ್ಕಳ ಬಗ್ಗೆ ಹೆಚ್ಚು ಎಚ್ಚರ ಬೇಕು.

"ಊರ ತುಂಬ ಬೀದಿನಾಯಿ ಅದಾವ, ಎಷ್ಟಕ್ಕಂತ ಗುಳಿಗೆ ಹಾಕೋದು?" ಅಂತ ಕೇಳಬಹುದು. ಖರೇ ಮಾತು. ಅದಕ್ಕೇ ನಾನು ಹೇಳೋದು, ಗುಳಿಗೆಗಿಂತ ಮೊದಲು ತಗ್ಗು ತೋಡ್ರಿ. ಹಸಿ ಶ್ವಾಸಕೋಶ, ಕಲೀಜ ಯಾವ ನಾಯಿಗೂ ಸಿಗದಂಗ ಮಾಡೋದು ನಮ್ಮ ಕೈಯಾಗೇ ಅದ. ಕುರಿಗಳಿಗೇ ಹೆಸರಾದ ನ್ಯೂಜಿಲೆಂಡ್, ನಾಯಿಗೆ ಹಸಿ ಅಂಗಾಂಗ ಹಾಕೋದು ನಿಲ್ಲಿಸಿ, ನಾಯಿಗಳಿಗೆ ಔಷಧ ಕೊಟ್ಟು, ದಶಕಗಳ ದುಡಿಮೆ ನಂತರ 2002ರಲ್ಲಿ ತಾತ್ಕಾಲಿಕವಾಗಿ ಹೈಡಾಟಿಡ್ ಮುಕ್ತ ಅಂತ ಘೋಷಿಸಿಕೊಂಡಿತು.

ನಾವು ಮಾಡಬೇಕಾದ್ದು ಇಷ್ಟು:

1. ಕುರಿ ಕೊಯ್ದಲ್ಲಿ ಗುಳ್ಳೆ ಇರೋ ಅಂಗಾಂಗ ಸುಡ್ರಿ, ಇಲ್ಲಾ ಆಳವಾಗಿ ಹುಗೀರಿ. ಮೇಲೆ ಕಲ್ಲು, ಮುಳ್ಳು ಹೇರ್ರಿ. ಸತ್ತ ಕುರಿಯನ್ನ ಹಳ್ಳಕ್ಕೆ ಒಗೀಬ್ಯಾಡ್ರಿ.

2. ನಾಯಿಗೆ ಹಾಕೋದೇ ಆದರೆ ಅರ್ಧ ತಾಸಿಗೂ ಹೆಚ್ಚು ಕುದಿಸಿ ಹಾಕ್ರಿ.

3. ಸಾಕಿದ ನಾಯಿಗೆ ಪ್ರಾಜಿಕ್ವಾಂಟೆಲ್ ಗುಳಿಗೆ ಕೊಡ್ರಿ. ಪ್ರಮಾಣ ಕಿಲೋ ತೂಕಕ್ಕೆ 5 ಮಿ.ಗ್ರಾಂ, 15 ಕಿಲೋ ನಾಯಿಗೆ 75 ಮಿ.ಗ್ರಾಂ. ಆರು ವಾರಕ್ಕೊಮ್ಮೆ ಕೊಟ್ಟರೆ ಹುಳ ತತ್ತಿ ಬಿಡೋಕೆ ಮೊದಲೇ ಸಾಯ್ತದ. ಐವರ್ಮೆಕ್ಟಿನ್ ಇಂಜೆಕ್ಷನ್ ಲಾಡಿಹುಳಕ್ಕೆ ನಾಟೋದಿಲ್ಲ.

4. ಗುಳಿಗೆ ಕೊಟ್ಟ ಎರಡು ದಿನ ನಾಯಿ ಕಟ್ಟಿ ಹಾಕಿ, ಅದರ ಹೇಲು ಹುಗೀರಿ.

ಟಿಕೋಟಾ ಕಡೆ ದ್ರಾಕ್ಷಿ ತೋಟ ಇರಲಿ, ಬಬಲೇಶ್ವರ ಕಡೆ ಜೋಳದ ಹೊಲ ಇರಲಿ, ಕುರಿ ತರುಬಿಸಿದರೆ ಕುರಿ ಜೋಡಿ ನಾಯಿಯೂ ಬರ್ತದ. ಹಂಗಾಗಿ ಇದು ಕುರಿಗಾರರೊಬ್ಬರ ಕೆಲಸ ಅಲ್ಲ. ವಿಜಯಪುರ ಸಿಟಿಯ ಮಟನ್ ಅಂಗಡಿಯವರೂ ಗುಳ್ಳೆ ಇರೋ ತುಂಡನ್ನ ನಾಯಿಗೆ ಒಗೀಬಾರದು. ಜಾತ್ರೆಯ ಮೈಕು, ಪೆಂಡಾಲಿಗೆ ಪಟ್ಟಿ ಎತ್ತೋ ನಮಗೆ, ತಗ್ಗು ತೋಡಾಕ ಒಂದು ತಾಸು ಜೆಸಿಬಿ ತರಿಸೋದು ದೊಡ್ಡ ಮಾತಲ್ಲ. ಊರಿನ ಹುಡುಗರು ಮುಂದೆ ನಿಂತು ಪಂಚಾಯ್ತಿಗೆ ಕೇಳ್ರಿ.

ಈ ವಾರ ಹತ್ತಿರದ ಪಶು ಆಸ್ಪತ್ರೆಗೆ ಹೋಗ್ರಿ, ಇಲ್ಲಾ 1962ಕ್ಕೆ ಫೋನ್ ಹಚ್ಚಿ ಸಲಹೆ ಕೇಳ್ರಿ. ನಿಮ್ಮ ನಾಯಿ ತೂಕ ಎಷ್ಟು ಅಂತ ಮೊದಲೇ ನೋಡ್ಕೊಂಡಿರ್ರಿ.